ಕರೆಯದೆ ಹೇಗೆ ಹೋಗೋದು

ಅಕ್ಟೋಬರ್ 6, ಸೋಮವಾರ

ಇವತ್ತಿನಿಂದ ದಿನಚರಿ ಬರೆಯಬೇಕೆಂದು ತೀರ್ಮಾನಿಸಿದ್ದೇನೆ. ಮನಸ್ಸಿನಲ್ಲಿರುವುದನ್ನು ಗಂಡನಿಗೆ ಹೇಳೋಣವೆಂದರೆ ಅವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಬೆಳಿಗ್ಗೆ ಅವರ ಕಿವಿಗೆ ಹಾಕಿದ್ದು ಮಧ್ಯಾಹ್ನ ಬಲೆ ಹೆಣೆಯುವ ಕಟ್ಟೆಯಲ್ಲಿ ಕೂತು, ಸಂಜೆಗೆ ಉಪ್ಪುಖಾರ ಹಚ್ಚಿಕೊಂಡು ನನ್ನ ಒಣಮೀನಿನ ಬುಟ್ಟಿಯ ಮುಂದೆಯೇ ಬಂದು ನಿಲ್ಲುತ್ತದೆ. ಪುಸ್ತಕಕ್ಕೆ ಬಾಯಿಲ್ಲ.

ವಿಷಯವೇನೆಂದರೆ, ವಳರ್ಮತಿ ಎಂಬ ನಾನು ನಮ್ಮ ನಗರ ಪಾಲಿಕೆಯ ಸಮಿತಿಯೊಂದರ ಸದಸ್ಯೆಯಾಗಿದ್ದೇನೆ. ಅದರ ಹೆಸರು ಎರಡು ಸಾಲು ಉದ್ದವಿದೆ. ಚಂಡಮಾರುತ, ನೆರೆ, ಸುಡುಬಿಸಿಲು ಬಂದಾಗ ನಗರ ಏನು ಮಾಡಬೇಕು, ಅದರಲ್ಲಿ ಬಡವರಿಗೂ ಕೈಲಾಗದವರಿಗೂ ಅನ್ಯಾಯವಾಗದಂತೆ ಹೇಗೆ ನೋಡಿಕೊಳ್ಳಬೇಕು ಎಂದು ಯೋಜನೆ ಬರೆಯುವ ಸಮಿತಿ. ಸಂಗುಕುಪ್ಪಂ ಮೀನುಗಾರರ ಕೇರಿಯ ಪರವಾಗಿ, ಮಹಿಳಾ ಸಂಘದ ಅಧ್ಯಕ್ಷೆ ಎಂದು ನನ್ನನ್ನು ಹಾಕಿದ್ದಾರೆ. ನನ್ನ ಕುರ್ಚಿಯ ಮುಂದೆ 'ದುರ್ಬಲ ಸಮುದಾಯದ ಪ್ರತಿನಿಧಿ' ಎಂದು ಫಲಕವಿತ್ತು. ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ನಮ್ಮವರು ನಕ್ಕು ನಕ್ಕು ಕೆಮ್ಮು ಬರಿಸಿಕೊಂಡರು.

"ನೀನು ದುರ್ಬಲಳಾ? ಲೇ ಮತಿ, ನಿನ್ನ ದನಿ ಕೇಳಿದ್ರೆ ಐಸ್ ಫ್ಯಾಕ್ಟರಿ ಯಜಮಾನ ಹಿಂದಿನ ಬಾಗಿಲಿಂದ ಓಡಿಹೋಗ್ತಾನೆ!"

ಸಭೆಯಲ್ಲಿ ಎ.ಸಿ. ಎಷ್ಟಿತ್ತೆಂದರೆ, ಬಿಸಿಲಿನಿಂದ ಬಡವರನ್ನು ಕಾಪಾಡುವ ಚರ್ಚೆ ನಡೆಯುವಾಗ ನಾನು ಸೆರಗನ್ನು ಕಿವಿ ಮುಚ್ಚುವಂತೆ ಹೊದ್ದು ನಡುಗುತ್ತಿದ್ದೆ. ಸಹಾಯಕ ಆಯುಕ್ತ ಅರುಳ್ಮಣಿ ಸಾರ್ ಒಳ್ಳೆಯವರೇ. ಆದರೆ ಏನು ಕೇಳಿದರೂ ಮೇಲಿನವರ ಫೋನು ಬಂದಿದೆಯೇ ಎಂದು ಮೊದಲು ನೋಡಿಕೊಂಡು ಆಮೇಲೆ ಉತ್ತರ ಕೊಡುತ್ತಾರೆ. ಯೋಜನೆ ಬರೆಯಲು ಮದ್ರಾಸಿನಿಂದ ಬಂದಿರುವ ಯಾಳಿನಿ ಮೇಡಂ ನಾನು ಬಾಯಿ ತೆರೆದಾಗಲೆಲ್ಲ ಬರೆದುಕೊಳ್ಳುತ್ತಾರೆ. ಗೋಡಂಬಿ ಬಿಸ್ಕತ್ತು ಚೆನ್ನಾಗಿದೆ ಎಂದದ್ದನ್ನೂ ಬರೆದುಕೊಂಡರು.

ಅಕ್ಟೋಬರ್ 9, ಗುರುವಾರ

ಯಾಳಿನಿ ಮೇಡಂ ನಕ್ಷೆ ಹಿಡಿದುಕೊಂಡು ಕೇರಿಗೆ ಬಂದಿದ್ದರು. ನನ್ನನ್ನೇ ಹುಡುಕಿಕೊಂಡು ಬಂದದ್ದು ಎಲ್ಲರಿಗೂ ಕಾಣಲಿ ಎಂದು ಬೀದಿಯಲ್ಲೇ ಕುರ್ಚಿ ಹಾಕಿಸಿದೆ.

"ಅಕ್ಕಾ, ನಿಮ್ಮ ಕೇರಿ ಎಲ್ಲೀತನಕ ಬರುತ್ತೆ? ಗಾಳಿ ಬಂದಾಗ ಯಾರನ್ನೆಲ್ಲ ಕರ್ಕೊಂಡು ಹೋಗ್ಬೇಕು ಅನ್ನೋದು ಇದ್ರ ಮೇಲೇ ನಿಂತಿರೋದು."

"ಕಾಲುವೆ ತನಕ."

"ಆಚೆಗೂ ಮನೆಗಳಿವೆಯಲ್ಲಾ?"

"ಅವು ಮನೆಗಳಲ್ಲಮ್ಮಾ, ಹಠಗಳು. ನಮಗೂ ಅವಕ್ಕೂ ಸಂಬಂಧ ಇಲ್ಲ."

ಮೇಡಂ ಕಾಲುವೆಯ ಮೇಲೆ ಕೆಂಪು ಗೆರೆ ಎಳೆದುಕೊಂಡರು. ನಾನು ಸುಳ್ಳೇನೂ ಹೇಳಲಿಲ್ಲ. ಆಚೆ ಇರುವವರು ಉಪ್ಪಿನ ಪಾತಿಯ ಕೂಲಿಗಳು, ಐಸ್ ಫ್ಯಾಕ್ಟರಿಯ ಒಡಿಶಾದ ಹುಡುಗರು, ಸಮುದ್ರ ಮನೆ ನುಂಗಿದ ಮೇಲೆ ಅಲ್ಲಿ ತಗಡು ಹೊದಿಸಿಕೊಂಡವರು. ಜಾಗಕ್ಕೆ ಪಟ್ಟಾ ಇಲ್ಲ, ಬೀದಿಗೆ ಹೆಸರಿಲ್ಲ. ಮತ್ತೆ ನನ್ನ ನಾದಿನಿ ಸೆಂಗೇಣಿ.

ಅವಳ ವಿಷಯ ಬರೆಯಬಾರದು ಎಂದುಕೊಂಡಿದ್ದೆ. ಬರೆಯುತ್ತೇನೆ. ನನ್ನ ಮಗಳ ಮದುವೆಗೆ ಸೋದರತ್ತೆಯಾದ ಅವಳನ್ನೇ ಮೊದಲು ಕರೆಯಬೇಕು. ಗಂಡ ಹೆಂಡತಿ ಜೋಡಿಯಾಗಿ, ತಟ್ಟೆಯಲ್ಲಿ ಕುಂಕುಮ, ಕಲ್ಲುಸಕ್ಕರೆ, ಎಲೆಅಡಿಕೆ ಇಟ್ಟುಕೊಂಡು. ನಾವು ಹೋದೆವು. ಬಾಗಿಲಿಗೆ ಬೀಗ. ಲಗ್ನಪತ್ರಿಕೆಯನ್ನು ಕಿಟಕಿಗೆ ಸಿಕ್ಕಿಸಿ ಬಂದೆವು. ಅವಳು 'ಕಿಟಕಿಗೆ ಸಿಕ್ಕಿಸೋದು ಕರೆಂಟು ಬಿಲ್ಲು' ಎಂದು ಮದುವೆಗೇ ಬರಲಿಲ್ಲ! ನಮ್ಮತ್ತೆ ಕುಪ್ಪಮ್ಮಾಳ್ ಮಗಳ ಪಕ್ಷ ಹಿಡಿದು, ಮದುವೆಯ ಮರುದಿನ ಟ್ರಂಕು ಹೊರಿಸಿಕೊಂಡು ಅವಳ ಮನೆಗೆ ಹೊರಟುಹೋದರು. ಮೂರು ವರ್ಷವಾಯಿತು. ಈಗ ಮಂಡಿ ಹೋಗಿ ಹಾಸಿಗೆ ಹಿಡಿದಿದ್ದಾರಂತೆ. ಅಲ್ಲಿ ನೆಲ ತಗ್ಗು, ಜೋರು ಮಳೆ ಬಂದರೆ ನೀರು ಮಂಚದ ಕಾಲಿಗೆ ಬರುತ್ತದಂತೆ. ನಾನೇನು ಕಳಿಸಿದೆನೇ?

ಅಕ್ಟೋಬರ್ 16, ಗುರುವಾರ

ಚಂಡಮಾರುತ ಬಂದರೆ ನಮ್ಮ ಕೇರಿಯವರು ಹೋಗಿ ಇರಬೇಕಾದ ಜಾಗ ಗೊತ್ತಾಯಿತು: ಬಜಾರು ಬೀದಿಯ ಧನಲಕ್ಷ್ಮಿ ಮಹಾಲ್, ಕಲ್ಯಾಣ ಮಂಟಪ. ಗ್ರಾನೈಟು ನೆಲ, ಗಾಜಿನ ಬಾಗಿಲು. ಮಾಲೀಕ ಷಣ್ಮುಗಂ ಚೆಟ್ಟಿಯಾರ್ ಸಭೆಗೆ ಬಂದು, "ಜನಸೇವೆ, ಕೊಡ್ತೀನಿ. ಆದ್ರೆ ಹಿಂದ್ಗಡೆ ಅಡುಗೆಮನೆ ಬಾಗಿಲಿಂದ ಬರ್ಲಿ, ಮುಂದಿನ ಹಾಲ್ ಪಾಲಿಶ್ ಹಾಕ್ಸಿದೀನಿ" ಎಂದರು. ಆಗಲಿ ಎಂದು ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಬಾಯಲ್ಲಿ ಬಿಸ್ಕತ್ತಿತ್ತು.

ಅಕ್ಟೋಬರ್ 25, ಶನಿವಾರ

ಇವತ್ತು ಅಣಕು ಕಾರ್ಯಾಚರಣೆ. ಎಂದರೆ ಚಂಡಮಾರುತ ಬಂದಿದೆ ಎಂದು ನಾಟಕವಾಡಿ ನೋಡುವುದು. ಹನ್ನೊಂದು ಗಂಟೆಗೆ ಸೈರನ್ ಊದಿತು. ಮೈಕು ಕಟ್ಟಿಕೊಂಡ ಆಟೋ ಬಂದು, "ಸಂಗುಕುಪ್ಪಂ ನಿವಾಸಿಗಳು ಕೂಡಲೇ ಧನಲಕ್ಷ್ಮಿ ಮಹಾಲಿಗೆ ತೆರಳಬೇಕು" ಎಂದು ಕೂಗಿತು. ಅದು ದಿನಾ ಕಸದ ಗಾಡಿಯ ಹಿಂದೆ ಬರುವ ಆಟೋ. ಮೂರು ಮನೆಯವರು ಕಸದ ಬಕೆಟ್ಟು ತಂದು ಹೊರಗಿಟ್ಟರು.

ಯಾರೂ ಹೋಗಲಿಲ್ಲ. ನಾನು ನಿನ್ನೆಯೇ ತಲೆಸ್ನಾನ ಮಾಡಿ, ನೀಲಿ ಸೀರೆ ಇಸ್ತ್ರಿ ಮಾಡಿಸಿ ಕಾದಿದ್ದೆ. ಸಮಿತಿ ಸದಸ್ಯೆಯನ್ನು ಯಾರಾದರೂ ಬಂದು ಕರೆದಾರು ಎಂದು. ಯಾರೂ ಬರಲಿಲ್ಲ. ಮಂಟಪಕ್ಕೆ ಕರೆಯದೆ ನುಗ್ಗುವಷ್ಟು ಗತಿಗೆಟ್ಟಿಲ್ಲ ನಾನು. ಮೀನು ಸಾರು ಮಾಡಿಕೊಂಡು ಉಂಡು ಮಲಗಿದೆ.

ಅಕ್ಟೋಬರ್ 28, ಮಂಗಳವಾರ

ಸಭೆ. ಅರುಳ್ಮಣಿ ಸಾರ್ ಮುಖ ಕೆಂಪಾಗಿತ್ತು. ಆಂಬುಲೆನ್ಸು, ಅಗ್ನಿಶಾಮಕ ಗಾಡಿ, ಪೊಂಗಲ್ ಹಂಡೆ ಎಲ್ಲ ಮಂಟಪದಲ್ಲಿ ಕಾದು ಕುಳಿತಿದ್ದುವಂತೆ.

"ಕೇರಿಯವರು ಹೋಗ್ಲಿ, ಸಮಿತಿ ಸದಸ್ಯೆ ನೀವೇ ಬರ್ಲಿಲ್ವಲ್ಲಮ್ಮಾ!"

"ಯಾರು ಕರೆದ್ರು?"

"ಸೈರನ್ ಊದಿದ್ವಲ್ಲ?"

"ಸೈರನ್ನೇನು ನನ್ನ ಸೋದರಮಾವನಾ? ಅದು ಕಲ್ಯಾಣ ಮಂಟಪ ಸಾರ್. ನಿಮ್ಮ ಮನೇಲಿ ಕರೆಯದೆ ಇರೋ ಮಂಟಪಕ್ಕೆ ಚೀಲ ಹಿಡ್ಕೊಂಡು ಹೋಗ್ತಾರಾ? ಅದೂ ಅಡುಗೆಮನೆ ಬಾಗಿಲಿಂದ! ನಮ್ಮೂರಲ್ಲಿ ಆ ಬಾಗಿಲಲ್ಲಿ ಬರೋದು ಎಂಜಲೆಲೆಗೆ ಕಾಯೋ ನಾಯಿ."

ನಾನು ಅವಮಾನದ ಸಿಟ್ಟಿನಲ್ಲಿ ಅಂದದ್ದು. ಯಾಳಿನಿ ಮೇಡಂ ಪೆನ್ನು ನಿಲ್ಲಿಸಲೇ ಇಲ್ಲ. ಕೊನೆಗೆ ತಲೆಯೆತ್ತಿ, "ಸಾರ್, ಹಾಗಾದ್ರೆ ಕರೆಯೋಣ" ಎಂದರು.

"ಹೇಗೆ?"

"ಅಕ್ಕ ಹೇಳ್ತಿರೋ ಹಾಗೇ. ಮನೆಮನೆಗೆ, ಕುಂಕುಮ ತಟ್ಟೆ ಇಟ್ಕೊಂಡು. ಮಂಟಪದ ಬಾಗಿಲಲ್ಲಿ ಪನ್ನೀರು ಎರಚಿ ಬರಮಾಡ್ಕೊಳ್ಳೋಕೆ ಒಬ್ರು."

ಅರುಳ್ಮಣಿ ಸಾರ್ ಫೋನು ನೋಡಿಕೊಂಡರು. ಮೇಲಿನಿಂದ ಏನೂ ಬಂದಿರಲಿಲ್ಲ. "ಚಂಡಮಾರುತಕ್ಕೆ ಪನ್ನೀರು ಅಂತ ಯಾವ ತಲೆಬರಹದಡಿ ಬರ್ಕೊಳ್ಳಲಿ?" ಎಂದು ಸಣ್ಣ ದನಿಯಲ್ಲಿ ಕೇಳಿದರು. ಚೆಟ್ಟಿಯಾರ್ ಮುಂದಿನ ಬಾಗಿಲಿನ ಮಾತು ಬಂದಾಗ ಪಾಲಿಶ್ ಎಂದರು. ಪಾಲಿಶ್ ಮೇಲೆ ನಡೆಯಬಾರದಾದರೆ ಮದುವೆಯವರು ಹಾರಿಕೊಂಡು ಬರುತ್ತಾರೆಯೇ ಎಂದು ಕೇಳಿದೆ. ಮುಂದಿನ ಬಾಗಿಲೇ ಎಂದಾಯಿತು.

ನವೆಂಬರ್ 8, ಶನಿವಾರ

ಎರಡನೇ ಅಣಕು. ಸಂಘದ ಹೆಂಗಸರು ನಾಲ್ಕು ದಿನ ತಟ್ಟೆ ಹಿಡಿದು ಕಾಲುವೆಯ ಈಚೆ ಒಂದು ಮನೆ ಬಿಡದೆ ಕರೆದೆವು. ಇವತ್ತು ಕೇರಿಗೆ ಕೇರಿಯೇ ಎದ್ದು ಬಂತು. ತೊಂದರೆಯೆಂದರೆ ಎಲ್ಲರೂ ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದು ಬಂದರು. ಬೋಟಿನ ಮುನುಸಾಮಿಯಣ್ಣ ಬಣ್ಣದ ಕಾಗದ ಸುತ್ತಿದ ಗೋಡೆ ಗಡಿಯಾರ ತಂದು ಅರುಳ್ಮಣಿ ಸಾರ್ ಕೈಗಿಟ್ಟರು. ಅವರು ಒಂದು ಕೈಯಲ್ಲಿ ಪನ್ನೀರು ದಾನಿ, ಒಂದು ಕೈಯಲ್ಲಿ ಗಡಿಯಾರ ಹಿಡಿದು ಫೋಟೋಗೆ ನಿಂತರು. ಪಾಯಸವಿಲ್ಲ ಎಂದು ಸ್ವಲ್ಪ ಗಲಾಟೆಯಾಯಿತು, ಉಳಿದಂತೆ ಕಾರ್ಯಾಚರಣೆ ಯಶಸ್ವಿ.

ಪತ್ರಿಕೆಯವರು ನನ್ನನ್ನು ಮಾತಾಡಿಸಿದರು. 'ಒಬ್ಬರನ್ನೂ ಬಿಟ್ಟಿಲ್ಲ' ಎಂದು ಹೇಳಿದ್ದೇನೆ. ನಾಳೆ ಬರುತ್ತದಂತೆ.

ನವೆಂಬರ್ 13, ಗುರುವಾರ

ನಮ್ಮವರು ಎರಡು ದಿನದಿಂದ ಮಾತಾಡುತ್ತಿಲ್ಲ. ಇದು ಈ ಮನೆಯ ಚರಿತ್ರೆಯಲ್ಲೇ ಮೊದಲು. ಇವತ್ತು ಬಡಿಸುವಾಗ ತಟ್ಟೆ ದೂಡಿ, "ಪೇಪರಲ್ಲಿ ಒಬ್ರನ್ನೂ ಬಿಟ್ಟಿಲ್ಲ ಅಂತ ಹೇಳಿದೀಯ. ನಮ್ಮಮ್ಮ ಯಾರು?" ಎಂದರು.

ಕದ್ದು ಮುಚ್ಚಿ ಹೋಗಿ ನೋಡಿ ಬರುತ್ತಾರೆಂದು ನನಗೆ ಗೊತ್ತು. ಗೊತ್ತಿಲ್ಲದವಳಂತೆ ಇರುತ್ತೇನೆ. ಅತ್ತೆಗೆ ಎದ್ದು ಕೂರಲೂ ಇಬ್ಬರು ಬೇಕಂತೆ. ಸೆಂಗೇಣಿಯ ಗಂಡ ಕೇರಳದ ಬೋಟಿಗೆ ಹೋದವನು ಪೊಂಗಲ್ ಹಬ್ಬಕ್ಕೇ ಬರುವುದು. ಮೊನ್ನೆಯ ಮಳೆಗೆ ಅವಳೊಬ್ಬಳೇ ಮಂಚದ ಕಾಲುಗಳಿಗೆ ಇಟ್ಟಿಗೆಯಿಟ್ಟು ಎತ್ತರಿಸಿ ಮುದುಕಿಯನ್ನು ಕೂರಿಸಿದಳಂತೆ.

ಊಟ ಸೇರಲಿಲ್ಲ.

ನವೆಂಬರ್ 14, ಶುಕ್ರವಾರ

ಪಾಲಿಕೆಗೆ ಹೋಗಿ ಚೆನ್ನಾಗಿ ದಬಾಯಿಸಿ ಬಂದೆ. ಎಂಥಾ ಬೇಜವಾಬ್ದಾರಿ ಜನ! ಕಾಲುವೆಯಾಚೆ ಅಷ್ಟು ಜೀವಗಳಿವೆ, ನಕ್ಷೆಯಲ್ಲಿ ಒಂದು ಚುಕ್ಕಿಯೂ ಇಲ್ಲ.

"ಯಾರು ಸಾರ್ ಈ ಕೆಂಪು ಗೆರೆ ಎಳೆದಿದ್ದು?"

"ನೀವೇ ಹೇಳಿದ್ದಲ್ವಾಮ್ಮಾ, ಕಾಲುವೆ ತನಕ ಅಂತ?"

"ನಾನು ಹೇಳಿದ್ರೆ ಬರ್ಕೊಂಡುಬಿಡೋದಾ? ಅಷ್ಟೆಲ್ಲ ಓದಿದೀರ, ಹೇಳೋಳು ಸಿಟ್ಟಲ್ಲಿ ಇದಾಳಾ ಇಲ್ವಾ ಅಂತ ಸ್ವಲ್ಪ ನೋಡ್ಬಾರ್ದಾ?"

ಗೆರೆ ಬದಲಾಯಿಸಲು ಸಮಿತಿಯ ಪೂರ್ಣ ಸಭೆ ಬೇಕಂತೆ, ಅದು ಡಿಸೆಂಬರಿನಲ್ಲಂತೆ. ಪಟ್ಟಾ ಇಲ್ಲದವರನ್ನು ಸೇರಿಸಿದರೆ ನಾಳೆ ಜಾಗ ಕೇಳುತ್ತಾರೆ ಎಂದು ಮೇಲಿನವರಿಗೆ ಭಯವಂತೆ. ಮುಳುಗುವ ನೀರು ಪಟ್ಟಾ ಕೇಳಿಕೊಂಡು ಬರುತ್ತದೆಯೇ ಎಂದು ಕೇಳಿದೆ. ಯಾಳಿನಿ ಮೇಡಂ ಏನೂ ಬರೆದುಕೊಳ್ಳಲಿಲ್ಲ. ಸುಮ್ಮನೆ ನನ್ನನ್ನೇ ನೋಡಿದರು. ಅದು ನನಗೆ ಹಿಡಿಸಲಿಲ್ಲ.

ನವೆಂಬರ್ 25, ಮಂಗಳವಾರ

ಬಂದರಿನ ಕಂಬಕ್ಕೆ ಚಂಡಮಾರುತ ಬರುತ್ತಿದೆ ಎಂದು ತಿಳಿಸುವ ಎಚ್ಚರಿಕೆಯ ಬುಟ್ಟಿ ಏರಿಸಿದ್ದಾರೆ. ಬೋಟುಗಳೆಲ್ಲ ದಡಕ್ಕೆ ಬಂದವು. ಸಮುದ್ರಕ್ಕೆ ಒಂಥರಾ ಕೆಟ್ಟ ಬಣ್ಣ.

ನವೆಂಬರ್ 28, ಶುಕ್ರವಾರ, ಧನಲಕ್ಷ್ಮಿ ಮಹಾಲ್

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ. ಸೊಂಟ ಬಿದ್ದುಹೋಗಿದೆ.

ನಿನ್ನೆ ಬೆಳಿಗ್ಗೆ ಗಾಳಿ ಶುರುವಾದೊಡನೆ ನಮ್ಮ ಕೇರಿಯವರು ಪಾಲಿಕೆಯ ವ್ಯಾನು ಹತ್ತಿದರು. ಒಮ್ಮೆ ಕರೆಸಿಕೊಂಡು ಹೋಗಿದ್ದ ಜಾಗವಾದ್ದರಿಂದ ಯಾರೂ ತಕರಾರು ಮಾಡಲಿಲ್ಲ. ನಮ್ಮವರು ಮಾತ್ರ ವ್ಯಾನಿನ ಬಾಗಿಲವರೆಗೆ ಬಂದು, ತಿರುಗಿ, ಕಾಲುವೆಯ ಕಡೆ ಓಡಿದರು. ನಾನು ವ್ಯಾನಿನಿಂದ ಇಳಿದು ಮಳೆಯಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ಒಬ್ಬರೇ ವಾಪಸು ಬಂದರು.

"ಬರಲ್ವಂತೆ. ಊರಿಗೆಲ್ಲ ಕುಂಕುಮ ಕೊಟ್ರು, ನಮ್ಮ ಬಾಗಿಲಿಗೆ ಬರ್ಲಿಲ್ಲ, ನಾವ್ಯಾಕೆ ಕರೆಯದೆ ಬರೋಣ ಅಂತಾಳೆ ಸೆಂಗೇಣಿ. ಅಮ್ಮನೂ ಹೂಂ ಅಂತಾಳೆ. ಮತಿ, ನೀರು ಹೊಸ್ತಿಲಿಗೆ ಬಂದಿದೆ." ಇಷ್ಟು ವರ್ಷದಲ್ಲಿ ಅವರು ಹೆದರಿದ್ದನ್ನು ನಾನು ನೋಡಿರಲಿಲ್ಲ.

ಮನೆಗೆ ಹೋಗಿ ತಟ್ಟೆ ತೆಗೆದೆ. ಕುಂಕುಮದ ಭರಣಿಗೆ ಪ್ಲಾಸ್ಟಿಕ್ಕು ಸುತ್ತಿದೆ. ಕೋಪದಿಂದಲೇ ಹೊರಟೆ, ಬೇರೇನಲ್ಲ. ನಮ್ಮವರು ಮುನುಸಾಮಿಯಣ್ಣನ ಚಿಕ್ಕ ದೋಣಿ ಎಳೆದುಕೊಂಡು ಹಿಂದೆ ಬಂದರು.

ಸೆಂಗೇಣಿಯ ಮನೆ ಆ ಸಾಲಿನ ಕೊನೆಯದು. ಮಧ್ಯೆ ಬಾಗಿಲುಗಳಿದ್ದವು. ತಟ್ಟೆ ಹಿಡಿದು ಹೊರಟವಳು ಒಂದು ಬಾಗಿಲು ಬಿಟ್ಟು ಇನ್ನೊಂದಕ್ಕೆ ಹೋಗುವಂತಿಲ್ಲ. ಬಿಟ್ಟರೆ ಆ ಮನೆಯವರನ್ನು ತಿಪ್ಪೆಗೆಸೆದಂತೆ. ಇದು ಪದ್ಧತಿ, ಅಷ್ಟೇ. ಹಾಗಾಗಿ ಎಲ್ಲರನ್ನೂ ಕರೆಯಬೇಕಾಯಿತು. ಉಪ್ಪಿನ ಕೂಲಿಯ ಆರೋಗ್ಯಮೇರಿ ಬಾಗಿಲು ತೆರೆದು ನನ್ನನ್ನು ನೋಡಿ ದೆವ್ವ ಕಂಡಂತೆ ನಿಂತಳು.

"ನಾವು ಲೆಕ್ಕದಲ್ಲೇ ಇಲ್ಲ ಅಂದ್ರಲ್ಲಕ್ಕಾ?"

"ಅದು ಪಾಲಿಕೆಯವರ ತಪ್ಪು. ಕುಂಕುಮ ಬೇಡಾಂದ್ರೆ ಕಲ್ಲುಸಕ್ಕರೆ ತಗೋ, ಗಾಳಿ ಇಬ್ರಿಗೂ ಒಂದೇ. ಮಕ್ಕಳನ್ನ ಎತ್ಕೊಂಡು ದೋಣಿ ಹತ್ರ ನಡಿ."

ಒಡಿಶಾದ ಹುಡುಗರಿಗೆ ನನ್ನ ಮಾತು ತಿಳಿಯದು. ತಟ್ಟೆ, ಕುಂಕುಮ, ಎಲೆಅಡಿಕೆ ನೋಡಿ ಯಾರಿಗೋ ಹೆಣ್ಣು ತಂದಿದ್ದಾಳೆ ಎಂದುಕೊಂಡರು. ಅವರಲ್ಲಿ ಉದ್ದನೆಯವನೊಬ್ಬ ಒಳಗೋಡಿ ಅಂಗಿ ಹಾಕಿ ತಲೆ ಬಾಚಿಕೊಂಡು ಬಂದು ತಲೆ ತಗ್ಗಿಸಿ ನಿಂತ! ತಲೆಯ ಮೇಲಿನ ತಗಡು ಹಾರಿಹೋದಾಗ ಎಲ್ಲರಿಗೂ ಅರ್ಥವಾಯಿತು.

ಸೆಂಗೇಣಿ ಹೊಸ್ತಿಲ ಮೇಲೆ ಕೂತಿದ್ದಳು. ಕಾಲು ನೀರಿನಲ್ಲಿ.

"ಸೆಂಗೇಣಿ..."

"ಕಿಟಕಿ ಆ ಕಡೆ ಇದೆ ಅತ್ತಿಗೆ."

ನೀರು ನನ್ನ ಮಂಡಿಗೆ ಬರುತ್ತಿತ್ತು. ತಟ್ಟೆ ಮುಂದೆ ಹಿಡಿದೆ.

"ಅಣ್ಣ ಎಲ್ಲಿ? ಕರೆಯೋರು ಜೋಡಿಯಾಗಿ ಬರ್ಬೇಕು."

"ರೀ, ಹಗ್ಗ ಬಿಟ್ಟು ಬನ್ರೀ ಇಲ್ಲಿ!" ಎಂದು ಕಿರುಚಿದೆ. ಬಂದು ಪಕ್ಕದಲ್ಲಿ ನಿಂತರು, ಮದುಮಗನಿಗಿಂತ ವಿನಯದಿಂದ.

"ಏನು ಸಮಾರಂಭ?"

"ಚಂಡಮಾರುತ ಕಣೇ!"

"ಮುಹೂರ್ತ?"

"ಮಧ್ಯಾಹ್ನದ ಮೇಲೆ ಅಂತ ರೇಡಿಯೋದಲ್ಲಿ ಹೇಳಿದ್ರು."

ಅವಳು ನನ್ನ ಮುಖವನ್ನೇ ನೋಡಿದಳು. ಮೂರು ವರ್ಷದಲ್ಲಿ ಅವಳ ಕೂದಲು ಅರ್ಧ ಬೆಳ್ಳಗಾಗಿದೆ. "ಯಾರ ಕಡೆಯಿಂದ ಕರೀತಿದೀಯ ಅತ್ತಿಗೆ? ಪಾಲಿಕೆ ಕಡೆಯಿಂದಾನೋ, ನಿನ್ನ ಕಡೆಯಿಂದಾನೋ?"

ನನಗೆ ಭಯವಾಗಿತ್ತು. ಬರುತ್ತಿರುವ ನೀರಿಗಲ್ಲ, ಇವಳು ಏಳದೆ ಇದ್ದರೆ ಎಂದು. "ನನ್ನ ಕಡೆಯಿಂದ. ಬಾರೇ, ಬಂದುಬಿಡೇ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅವಳು ಹಣೆ ಮುಂದೆ ಮಾಡಿದಳು. ಕುಂಕುಮ ನೆನೆದು ಮುದ್ದೆಯಾಗಿತ್ತು, ಹಣೆ ತುಂಬ ಮೆತ್ತಿತು.

ಒಳಗೆ ಅತ್ತೆ ಮಂಚದ ಮೇಲೆ ಟ್ರಂಕು ತಬ್ಬಿಕೊಂಡು ಕೂತಿದ್ದರು. ಅವರನ್ನೂ ಕರೆದೆ. ಹೊರಡಲು ಒಪ್ಪಿದರು, ಆದರೆ ಮಂಟಪಕ್ಕೆ ಈ ಹಳೇ ಸೀರೆಯಲ್ಲಿ ಬರುವುದಿಲ್ಲ ಎಂದರು. ಗೋಡೆ ಅಲ್ಲಾಡುತ್ತಿರುವಾಗ ನಾನೂ ಸೆಂಗೇಣಿಯೂ ಸೇರಿ ಅವರಿಗೆ ರೇಷ್ಮೆ ಸೀರೆ ಉಡಿಸಿದೆವು. ನೆರಿಗೆ ಸರಿಯಾಗಿಲ್ಲ ಎಂದು ಬಿಚ್ಚಿಸಿ ಇನ್ನೊಮ್ಮೆ ಉಡಿಸಿಕೊಂಡರು. ಆಮೇಲೆ ನಮ್ಮವರು ದಪ್ಪ ಬಲೆಯನ್ನು ನಾಲ್ಕು ಮಡಿಕೆ ಮಾಡಿ, ಅದರಲ್ಲಿ ಅವರನ್ನು ಕೂರಿಸಿ, ಒಡಿಶಾದ ಹುಡುಗರ ಕೈಲಿ ತುದಿ ಕೊಟ್ಟರು.

"ಏನ್ರೋ, ನಾನೇನು ತಿಮಿಂಗಿಲಾನಾ?"

"ತಿಮಿಂಗಿಲ ಇಷ್ಟು ಬಯ್ಯಲ್ಲಮ್ಮಾ. ಸುಮ್ನೆ ಕೂತ್ಕೋ."

ಮಂಟಪದ ಮುಂದಿನ ಬಾಗಿಲಲ್ಲಿ ಅರುಳ್ಮಣಿ ಸಾರ್ ರೇನ್‌ಕೋಟು ಹಾಕಿ ಪನ್ನೀರು ದಾನಿ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಚೆಟ್ಟಿಯಾರ್. ನಮ್ಮ ಹಿಂದೆ ಕಾಲುವೆಯಾಚೆಯ ಅಷ್ಟೂ ಜನ, ಕೋಳಿ, ಆಡು, ಮೈಯೆಲ್ಲ ಕೆಸರು.

"ಇವರು ನಕ್ಷೆಯಲ್ಲಿಲ್ವಲ್ಲ ಸಾರ್?" ಎಂದರು ಚೆಟ್ಟಿಯಾರ್.

"ನಾನು ಕರೆದಿದೀನಿ" ಎಂದೆ.

ಅರುಳ್ಮಣಿ ಸಾರ್ ಫೋನು ತೆಗೆದು ನೋಡಿದರು. ಸಿಗ್ನಲ್ ಸತ್ತುಹೋಗಿತ್ತು. ಪಾಪ, ಬಾಳಿನಲ್ಲಿ ಮೊದಲ ಸಲ ತಾವೇ ತೀರ್ಮಾನಿಸಬೇಕಾಯಿತು. ಒಂದು ಕ್ಷಣ ಕಣ್ಣು ಮುಚ್ಚಿ, ದಾನಿ ಎತ್ತಿ, ಬಲೆಯೊಳಗಿದ್ದ ಅತ್ತೆಯ ಮೇಲೆ ಪನ್ನೀರು ಎರಚಿದರು. "ಬನ್ನಿ ಅಜ್ಜಿ, ಬನ್ನಿ" ಎಂದರು. ಆಡುಗಳ ಮೇಲೂ ಎರಚಿದರು.

ಮಂಡಿ ಮಡಿಸಲಾಗದ ಅತ್ತೆಗೆ ನೆಲ ಆಗದು. ಇಡೀ ಮಂಟಪದಲ್ಲಿ ಮೆತ್ತನೆಯ ಕುರ್ಚಿ ಎಂದರೆ ವೇದಿಕೆಯ ಮೇಲಿನ ಮದುಮಕ್ಕಳ ಸಿಂಹಾಸನ. ಅಲ್ಲೇ ಕೂರಿಸಿದೆವು. ಹೊರಗೆ ಗಾಳಿ ಮರಗಳನ್ನು ಮುರಿಯುತ್ತಿದ್ದರೆ, ಒಳಗೆ ಅವರು ರೇಷ್ಮೆಯಲ್ಲಿ ಕೂತು ಅನ್ನಕ್ಕೆ ಉಪ್ಪು ಸಾಲದು ಎಂದು ಸಾರುತ್ತಿದ್ದರು.

ಸೆಂಗೇಣಿಯ ಮನೆಯಿದ್ದಲ್ಲಿ ಈಗ ನೀರಿದೆಯಂತೆ. ಆ ಸಾಲಿನಲ್ಲಿ ಏನೂ ಉಳಿದಿಲ್ಲ. ಯಾರೂ ಅಲ್ಲಿರಲಿಲ್ಲ.

ನವೆಂಬರ್ 30, ಭಾನುವಾರ

ಗಾಳಿ ಹೋಯಿತು, ಚೆಟ್ಟಿಯಾರ್ ಬಂದರು. ಬುಧವಾರ ಮಂಟಪದಲ್ಲಿ ಮದುವೆಯಿದೆಯಂತೆ. ನಮ್ಮ ಕೇರಿಯವರು ಮನೆಗೆ ಹೊರಟರು. ಆಚೆಯವರು ಎಲ್ಲಿಗೆ ಹೋಗಬೇಕು? ಪಟ್ಟಾ ಇಲ್ಲದವರಿಗೆ ಪರಿಹಾರದ ಜಾಗ ಕೊಡುವ ನಿಯಮವಿಲ್ಲವಂತೆ. ಟಾರ್ಪಾಲು ಕೊಡುತ್ತಾರಂತೆ, ಅದೇ ತಗ್ಗಿನಲ್ಲಿ ಕಟ್ಟಿಕೊಳ್ಳಲು.

"ನೀವು ಹೇಳಿದ್ರೆ ಎದ್ದು ಹೋಗ್ತಾರಮ್ಮಾ, ನೀವು ಕರೆದಿರೋ ಜನ" ಎಂದರು ಅರುಳ್ಮಣಿ ಸಾರ್.

ಅಲ್ಲೇ ನನಗೆ ಹೊಳೆದದ್ದು. "ಕಳಿಸ್ತೀನಿ ಸಾರ್. ಆದ್ರೆ ತಾಂಬೂಲ ಕೊಡದೆ ಅತಿಥಿಗಳನ್ನ ಕಳಿಸೋದು ನಮ್ಮಲ್ಲಿಲ್ಲ."

"ಕೊಟ್ಬಿಡಿ. ಗಾಳಿಗೆ ಊರ ತುಂಬ ತೆಂಗಿನಕಾಯಿ ಉದುರಿದೆ, ನಾನೇ ಗಾಡೀಲಿ ತರಿಸ್ತೀನಿ."

"ಕಾಯಿ ತರಿಸಿ. ಆದ್ರೆ ಕೊಡೋ ಮನಸ್ಸು ನನಗೆ ಬರ್ಬೇಕು. ಇವ್ರು ಹೋಗಿ ಮಲಗೋ ಜಾಗ ಕಣ್ಣಲ್ಲಿ ನೋಡೋ ತನಕ ಬರೋ ಹಾಗೆ ಕಾಣ್ತಿಲ್ಲ."

ಆರೋಗ್ಯಮೇರಿ ಚಾಪೆ ಮತ್ತೆ ಬಿಡಿಸಿದಳು. ಒಡಿಶಾದ ಹುಡುಗರು ನೆಲ ಒರೆಸಿ ಪಾಲಿಶ್ ಹಾಕಿದಂತೆ ಮಾಡಿಬಿಟ್ಟರು, ಚೆಟ್ಟಿಯಾರ್‌ಗೆ ಬಯ್ಯಲೂ ಏನೂ ಸಿಗಲಿಲ್ಲ. ಬಂದರು ರಸ್ತೆಯಲ್ಲಿ ಪಾಲಿಕೆಯ ಹಳೇ ವಸತಿಗೃಹಗಳು ಬೀಗ ಹಾಕಿ ಬಿದ್ದಿವೆ, ಎತ್ತರದ ಜಾಗ. ಅದನ್ನು ಯಾಳಿನಿ ಮೇಡಂ ಎಲ್ಲರಿಗೂ ಕೇಳುವಂತೆ ಜ್ಞಾಪಿಸಿದರು.

ಡಿಸೆಂಬರ್ 1, ಸೋಮವಾರ

ಕೊಟ್ಟಿಲ್ಲ. ಮದುವೆ ಹೆಣ್ಣಿನ ಅಪ್ಪ ಬಂದು ಅರುಳ್ಮಣಿ ಸಾರ್ ಮುಂದೆ ಅತ್ತರು. ನನಗೂ ಪಾಪ ಅನ್ನಿಸಿತು. ತಾಂಬೂಲ ಕೊಟ್ಟಿಲ್ಲ.

ಡಿಸೆಂಬರ್ 2, ಮಂಗಳವಾರ

ಬೀಗ ತೆಗೆದರು! ಪೂರ್ಣ ಸಭೆ ನಿನ್ನೆ ರಾತ್ರಿಯೇ ಸ್ಪೀಕರ್ ಫೋನಿನಲ್ಲಿ ನಡೆದುಹೋಯಿತಂತೆ. ಕೆಂಪು ಗೆರೆ ಕಾಲುವೆ ದಾಟಿದೆ. ವಸತಿಗೃಹಗಳನ್ನು ನಾನೇ ಹೋಗಿ ನೋಡಿ ಬಂದೆ. ಬಣ್ಣ ಹೋಗಿದೆ, ನಲ್ಲಿ ಸೋರುತ್ತದೆ, ನೆಲ ಒಣಗಿದೆ. ಸಾಕು.

ಮಂಟಪದ ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ತಾಂಬೂಲ ಕೊಟ್ಟೆ. ಎಲೆ, ಅಡಿಕೆ, ಒಂದು ಕಾಯಿ. ಆರೋಗ್ಯಮೇರಿ ಕಣ್ಣಿಗೊತ್ತಿಕೊಂಡಳು. ಉದ್ದನೆಯ ಹುಡುಗ ಕಾಯಿ ತೆಗೆದುಕೊಂಡು, ಹೆಣ್ಣೆಲ್ಲಿ ಎಂದು ಸನ್ನೆ ಮಾಡಿ ಕೇಳಿದ. ಪೋಲಿ! ಸೆಂಗೇಣಿಗೂ ಅಲ್ಲಿ ಒಂದು ಮನೆ ಬರೆದಿದ್ದಾರೆ. ಅವಳಿಗೆ ದೊಡ್ಡ ಕಾಯಿ ಆರಿಸಿ ಕೊಟ್ಟೆ. ಅದೂ ಸಣ್ಣದೆಂದಳು.

ಕೊನೆಗೆ ಅತ್ತೆ. ಇನ್ನೂ ಸಿಂಹಾಸನದ ಮೇಲೇ ಇದ್ದರು. ಮಗಳ ಜೊತೆ ಹೊರಡುವವರು, ಅವರಿಗೂ ಕೊಡಬೇಕಲ್ಲ ಎಂದು ವೇದಿಕೆ ಹತ್ತಿ, ಬಗ್ಗಿ, ಎರಡೂ ಕೈಯಲ್ಲಿ ತಾಂಬೂಲ ಹಿಡಿದೆ. ಅವರು ಕೈಯೊಡ್ಡಲಿಲ್ಲ. ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ಏನೇ ಇದು?"

"ತಾಂಬೂಲ, ಅತ್ತೆ."

"ಮನೆಯವಳಿಗೆ ಯಾರಾದ್ರೂ ತಾಂಬೂಲ ಕೊಡ್ತಾರೇನೇ, ಮುಠ್ಠಾಳೆ?"

ನಾನು ಅಲ್ಲೇ ವೇದಿಕೆಯ ಮೇಲೆ ಕೂತು ಅತ್ತುಬಿಟ್ಟೆ. ಜೋರಾಗಿಯೇ ಅತ್ತೆ. ಹೂವಿನ ಅಲಂಕಾರದವರು ಬಂದು ಕಾಯುತ್ತಿದ್ದರು, ನೋಡಿಕೊಳ್ಳಲಿ. ಸೆಂಗೇಣಿ ಕೆಳಗಿನಿಂದ "ಟ್ರಂಕು ನಿಮ್ಮನೆಗೆ ಕಳಿಸ್ಲಾ ಅತ್ತಿಗೆ, ಇಲ್ಲಾ ಮೊದ್ಲು ಅತ್ತು ಮುಗಿಸ್ತೀಯಾ?" ಎಂದು ಕೂಗಿದಳು.

ಈಗ ಒಳಗಿನ ಕೋಣೆಯಲ್ಲಿ ನಮ್ಮ ಮಂಚದ ಮೇಲೆ ಅತ್ತೆ ಮಲಗಿದ್ದಾರೆ. ನಾನೂ ಇವರೂ ನೆಲದ ಮೇಲೆ. ಸಾರಿಗೆ ಹುಳಿ ಜಾಸ್ತಿಯಾಗಿದೆ ಎಂದು ಅತ್ತೆ ಈಗಾಗಲೇ ಎರಡು ಸಲ ಹೇಳಿದ್ದಾರೆ.